ಅಣ್ಣನ ಪಾತ್ರ

ಜನರ ಚಟ ಬಿಡಿಸುವ ಉಪಾಯಗಳನ್ನು ರೂಪಿಸಿ ಪರೀಕ್ಷಿಸುವುದು ಹೇಗೆಂದು ಯುವ ಸಂಶೋಧಕರಿಗೆ ಕಲಿಸುವ ಈ ಮೇಡಂ, ತರಗತಿಯಲ್ಲಿ ತಾವೇ ಒಂಟಿಯಾಗಿ ಬದುಕುವ, ಸಿಗರೇಟು ಸೇದುವ ಗಂಡಸಾಗಿ ಕುರ್ಚಿಯಲ್ಲಿ ಕೂರುತ್ತಾರೆ; ಅವನ ಚಟ ಬಿಡಿಸುವುದು ವಿದ್ಯಾರ್ಥಿಗಳ ಕೆಲಸ. ಇಲ್ಲದ ಜೇಬು ತಡವುವುದೇನು, ಕೆಮ್ಮುವುದೇನು, ಕೇಳಿದರೆ ಗೋಡೆಗೂ ಗಂಟಲು ಕೆರೆಯಬೇಕು. "ನಾಳೆಯಿಂದ ಬಿಟ್ಟೆ ಅಂತ ಬರ್ಕೊ ತಾಯಿ, ತಾರೀಕು ಮಾತ್ರ ಹಾಕಬೇಡ," ಎನ್ನುತ್ತಾರೆ. ಯಾರಾದರೂ ಹೆದರಿಸಲು ಕಪ್ಪಾದ ಶ್ವಾಸಕೋಶದ ಚಿತ್ರ ಹೊರತೆಗೆದರೆ ಸಾಕು, ಎದ್ದು ಬಾಗಿಲಾಚೆ ಹೋಗಿ ನಿಲ್ಲುತ್ತಾರೆ, ಆಮೇಲೆ ತಲೆಯಷ್ಟೇ ಒಳಗೆ ಹಾಕಿ, "ಉಪದೇಶ ಶುರುವಾಯ್ತು, ರೋಗಿ ಹೋದ. ಇನ್ನು ಯಾರ ಮೇಲೆ ಪರೀಕ್ಷೆ ಮಾಡ್ತೀರಪ್ಪಾ?" ಎಂದು ಎಲ್ಲರನ್ನೂ ನಗಿಸುತ್ತಾರೆ. ಈ ಮಾತು, ಈ ಕೆಮ್ಮು ಎಲ್ಲ ಅವರ ಅಣ್ಣನದು. ತಂಗಿಯ ಬುದ್ಧಿಮಾತು ಸಾಕಾಗಿ ಎದ್ದುಹೋದ ಆತ ಆರು ವರ್ಷದಿಂದ ಅವರ ಫೋನು ಎತ್ತಿಲ್ಲ. ಆದರೂ ಮೇಡಂ ಪ್ರತಿ ಭಾನುವಾರ ಒಮ್ಮೆ ಕರೆ ಮಾಡಿ, ರಿಂಗು ತಾನಾಗಿ ನಿಲ್ಲುವವರೆಗೂ ಫೋನನ್ನು ಕಿವಿಗಿಟ್ಟುಕೊಂಡಿರುತ್ತಾರೆ. ಮೊನ್ನೆ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೈಯಲ್ಲಿದ್ದ ಪ್ರಶ್ನಾವಳಿಯನ್ನು ಮಡಚಿಟ್ಟು, ಆ ಪಾತ್ರದಲ್ಲಿ ಕೂತಿದ್ದ ಮೇಡಂ ಅವರನ್ನು, "ಒಬ್ಬರೇ ಇರ್ತೀರಲ್ಲ ಅಣ್ಣಾ, ಹೊತ್ತು ಹೇಗೆ ಹೋಗುತ್ತೆ?" ಎಂದು ಕೇಳಿದಳು. ನೂರು ನೆಪ ನಾಲಿಗೆಯ ತುದಿಯಲ್ಲೇ ಇರುವ ಮೇಡಂ ಆ ಇಲ್ಲದ ಜೇಬಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ. ಇದಕ್ಕೆ ಅಣ್ಣ ಏನೆನ್ನುತ್ತಿದ್ದನೋ ಅವರಿಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಅವರು ಒಮ್ಮೆಯೂ ಅವನನ್ನು ಕೇಳಿರಲಿಲ್ಲ.