ಕೆಜಾಯಾ ಲಡ್ಲೋಳ ಮತ

ಕೆಜಾಯಾ ಲಡ್ಲೋ ನನ್ನನ್ನು ಮದುವೆಯಾಗಲು ಎರಡು ಸಲ ಒಪ್ಪಲಿಲ್ಲ. ನಾನು ಕುಡುಕನಲ್ಲ. ಪೀಪಾಯಿ ಕಟ್ಟುವುದರಲ್ಲಿ ನ್ಯೂಜೆರ್ಸಿಯ ನಮ್ಮ ಕಡೆ ನನ್ನನ್ನು ಮೀರಿಸಿದವರಿಲ್ಲ; ಅವಳ ತೋಟದ ಸೇಬಿನ ಹೆಂಡವೆಲ್ಲ ನನ್ನ ಪೀಪಾಯಿಗಳಿಗೇ ಬೀಳುತ್ತಿತ್ತು. ಅವಳಿಗೆ ಗಂಡ ಸತ್ತಿದ್ದ, ನನಗೆ ಹೆಂಡತಿ ಸತ್ತಿದ್ದಳು. ಅಡ್ಡಿಯೆಂದರೆ ಚುನಾವಣೆಯಲ್ಲಿ ಅವಳಿಗಿದ್ದ ಮತ ಒಂದೇ.

ತಪ್ಪೆಲ್ಲ ಅವಳ ಗಂಡ ಈನಸ್‌ನದು. ಇಂಗ್ಲೆಂಡಿನ ರಾಜನ ಮೇಲಿನ ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಿ ಅವಳು ನೂಲುತ್ತಿದ್ದರೆ ಅವನು ಒಲೆಯ ಮುಂದೆ ಕೂತು ಕರಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಹುಟ್ಟಿದವರೆಲ್ಲ ಸ್ವತಂತ್ರರು, ವಿವೇಕವನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ, ಜನ ಒಪ್ಪದೆ ಅವರನ್ನು ಆಳುವ ಹಕ್ಕು ಯಾರಿಗೂ ಇಲ್ಲ. ನಾವೂ ಅದನ್ನೇ ಹೆಂಡದಂಗಡಿಯಲ್ಲಿ ಓದಿ ಮೇಜು ಕುಟ್ಟುತ್ತಿದ್ದೆವು. ಆದರೆ ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಅಂದಾಜು ನಮಗಿತ್ತು. ಕೆಜಾಯಾ ಪೂರ್ತಿ ನಂಬಿಬಿಟ್ಟಳು.

ಈನಸ್ ಯುದ್ಧದಲ್ಲಿ ಸತ್ತ. ನಮ್ಮ ರಾಜ್ಯದ ಹೊಸ ಸಂವಿಧಾನ ಬರೆದವರು, ಐವತ್ತು ಪೌಂಡಿನ ಆಸ್ತಿಯುಳ್ಳ ನಿವಾಸಿಗಳೆಲ್ಲ ಮತ ಹಾಕಬಹುದು ಎಂದು ಬರೆದಿದ್ದರು. ಗಂಡಸರು ಎಂದು ಬರೆದಿರಲಿಲ್ಲ. ಗಂಡನಿದ್ದವಳ ಆಸ್ತಿ ಗಂಡನದು, ಹಾಗಾಗಿ ಅವಳಿಗೆ ಮತವಿಲ್ಲ. ವಿಧವೆಗೆ ಉಂಟು. ಪ್ರತಿ ಅಕ್ಟೋಬರಿನಲ್ಲಿ ಕೆಜಾಯಾ ಚರ್ಚಿನ ಟೋಪಿ ಕಟ್ಟಿಕೊಂಡು ಹೋಗಿ ಮತದ ಚೀಟಿ ಕೊಟ್ಟು ಬರುತ್ತಿದ್ದಳು.

"ನನ್ನ ಮತ ಇದೆಯಲ್ಲ, ಇಬ್ಬರ ಪರವಾಗೂ ಹಾಕ್ತೀನಿ," ಎಂದೆ, ಎರಡನೇ ಸಲ ಕೇಳಿದಾಗ.

"ರಾಜನೂ ಅದನ್ನೇ ಅಲ್ವಾ ಅಂದಿದ್ದು? ನೀವು ಅಲ್ಲೇ ಇರಿ, ನಿಮ್ಮ ಪರವಾಗಿ ನಾವಿಲ್ಲಿ ಯೋಚ್ನೆ ಮಾಡ್ತೀವಿ ಅಂತ. ಅದಕ್ಕೆ ತಾನೇ ನೀವೆಲ್ಲ ಬಂದೂಕು ಎತ್ಕೊಂಡಿದ್ದು."

"ನಾನೇನು ರಾಜನಾ ಮಾರಾಯ್ತಿ?"

"ಅಲ್ಲ ಬಿಡು ಅಬ್ನರ್. ರಾಜಂಗೆ ಪೀಪಾಯಿ ಕಟ್ಟೋಕೆ ಬರಲ್ಲ. ನಾಳೆಗೆ ಇನ್ನೂ ಆರು ಬೇಕು, ಹೋಗಿ ಕೆಲಸ ನೋಡು."

ಇಂಥವಳ ಜೊತೆ ಏನು ವಾದ ಮಾಡುವುದು? ಮೈಯೆಲ್ಲ ಉರಿದುಕೊಂಡು ಮನೆಗೆ ಬಂದೆ.

ಸಾವಿರದ ಎಂಟುನೂರ ಏಳರಲ್ಲಿ, ಜಿಲ್ಲೆಯ ಕೋರ್ಟು ನಮ್ಮೂರಲ್ಲಿ ಕಟ್ಟಬೇಕೋ ಪಕ್ಕದೂರಲ್ಲೋ ಎಂದು ಮತಕ್ಕೆ ಬಿಟ್ಟರು. ಎರಡೂ ಊರಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ನಾನು ನಾನಾಗಿಯೇ ಹೋಗಿ ಚೀಟಿ ಕೊಟ್ಟೆ. ಮಧ್ಯಾಹ್ನ ಸತ್ತ ಹೆಂಡತಿಯ ಲಂಗ ಉಟ್ಟು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಇನ್ನೊಮ್ಮೆ ಕೊಟ್ಟೆ. ಸಂಜೆಗೆ ಶಾಲು ಬದಲಾಯಿಸಿ ಮತ್ತೊಮ್ಮೆ. ನಾನೊಬ್ಬನೇ ಅಲ್ಲ, ಹೆಂಡದಂಗಡಿಯ ಹಿಂಬದಿಯಲ್ಲಿ ಲಂಗದ ಲಾಡಿ ಕಟ್ಟಿಕೊಳ್ಳಲು ಸಾಲೇ ಇತ್ತು. ಕೋರ್ಟು ನಮ್ಮೂರಿಗೇ ಬಂತು, ಮೂರು ದಿನ ಬಿದ್ದು ಬಿದ್ದು ನಕ್ಕೆವು.

ನವೆಂಬರಿನಲ್ಲಿ ಕಾನೂನು ಬದಲಾಯಿತು. ಚುನಾವಣೆಯಲ್ಲಿ ಮೋಸವಾಗುತ್ತಿದೆ, ರಾಜ್ಯದ ಮರ್ಯಾದೆ ಉಳಿಯಬೇಕು, ಆದ್ದರಿಂದ ಇನ್ನು ಮೇಲೆ ಬಿಳಿಯ ಗಂಡಸರಿಗೆ ಮಾತ್ರ ಮತ. ಮೋಸ ಮಾಡಿದ ಗಂಡಸರ ಬಗ್ಗೆ ಒಂದಕ್ಷರ ಇರಲಿಲ್ಲ. ಅದನ್ನು ಓದಿ ಹೆಂಡತಿಯ ಲಂಗವನ್ನು ಪೆಟ್ಟಿಗೆಯ ತಳಕ್ಕೆ ತುರುಕಿಟ್ಟೆ.

ಮುಂದಿನ ಅಕ್ಟೋಬರಿನಲ್ಲಿ ಕೆಜಾಯಾ ಬಂದೇ ಬಂದಳು. ಅವಳ ಹಿಂದೆ ನಾನು ನಿಂತಿದ್ದೆ. ಮೇಜಿನ ಹಿಂದೆ ಚೀಟಿ ಇಸಿದುಕೊಳ್ಳುತ್ತಿದ್ದವನು ಹಿಟ್ಟಿನ ಗಿರಣಿಯ ಸೈಲಸ್ ಹಾಲ್ಸಿ, ಕೋರ್ಟಿನ ಮತದ ದಿನವೂ ಅಲ್ಲೇ ಕೂತಿದ್ದವನು.

"ಕಾನೂನು ಬದಲಾಗಿದೆ ಕಣಮ್ಮ," ಎಂದ.

"ನನ್ನ ತೋಟ ಬದಲಾಗಿಲ್ಲ. ತೆರಿಗೆನೂ ಬದಲಾಗಿಲ್ಲ. ನಾನೇನು ತಪ್ಪು ಮಾಡಿದೀನಿ ಹೇಳು."

"ನಿಮ್ಮನ್ನ ಅಂತಿಲ್ಲಮ್ಮ. ಆದ್ರೆ ಒಬ್ಬೊಬ್ಬ ಹೆಂಗಸು ಮೂರು ಮೂರು ಸಲ ಹಾಕಿದ್ನ ನಾನೇ ಕಣ್ಣಾರೆ ನೋಡಿದೀನಿ."

ಇನ್ನು ತಡೆಯಲಾಗಲಿಲ್ಲ. "ಆ ಹೆಂಗಸು ನಾನೇ ಕಣೋ ಸೈಲಸ್. ಹಾಕಿದ್ದು ನಾನು," ಎಂದೆ.

ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೈಲಸ್.

"ಅವತ್ತೇ ಗೊತ್ತಾಗಿತ್ತು ಕಣಯ್ಯ, ಟೋಪಿ ಕೆಳಗೆ ಗಡ್ಡ ಕಾಣ್ತಿತ್ತು," ಎಂದು ಕಣ್ಣೊರೆಸಿಕೊಂಡ. "ಸ್ವಲ್ಪ ಸರಿಯಮ್ಮ. ಅಬ್ನರ್, ಕೊಡು ನಿನ್ನ ಚೀಟಿ."

ಕೆಜಾಯಾ ನನ್ನತ್ತ ತಿರುಗಿದಳು. ಬೈಯಲಿ ಎಂದು ಕಾದೆ, ಕೆನ್ನೆಗೆ ಹೊಡೆದರೂ ಆಗುತ್ತಿತ್ತು. ಅವಳು ತನ್ನ ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಪಕ್ಕಕ್ಕೆ ಸರಿದಳು.

"ಕೊಡು ಅಬ್ನರ್," ಎಂದಳು. "ಹಿಂದೆ ಜನ ಕಾಯ್ತಿದ್ದಾರೆ."

ನಾನು ಕೊಟ್ಟೆ.