ಕೆಂಗೇರಿಗೆ ಒಯ್ದ ಕೆರೆ

೧೯೮೯ರಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಗ್ರಿಲ್ ವೆಲ್ಡಿಂಗ್ ಕಲಿತೆ, ಪದ್ಯವನ್ನೂ ಬರೆದೆ. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ. ಕಳೆದ ಭಾನುವಾರ ಸುಂಕದಕಟ್ಟೆಯಿಂದ ಕೆಂಗೇರಿಗೆ ಹೊರಟಿದ್ದು ಅಂಥದೊಂದು ಪದ್ಯಕ್ಕಾಗಿ. ಬಲ್ಗೇರಿಯಾದ ಒಬ್ಬ ಹೆಂಗಸು ಕನ್ನಡ ಕಲಿತು, ನಮ್ಮ ಪದ್ಯಗಳನ್ನು ತಮ್ಮ ಭಾಷೆಗೆ ಮಾಡಿ ಪುಸ್ತಕ ತರುತ್ತಿದ್ದರು. ನನ್ನದೂ ಒಂದು ಸೇರಿತ್ತು. ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೆ.

ಮಾಗಡಿ ರಸ್ತೆಯಲ್ಲಿ ಬಸ್ಸು ಹೆಜ್ಜೆಗೊಮ್ಮೆ ನಿಂತಿತು. ಹದಿನೆಂಟು ರೂಪಾಯಿ ಕೊಟ್ಟು ವಿಜಯನಗರದವರೆಗೆ ನಿಂತೇ ಹೋದೆ. ಅಲ್ಲಿಂದ ಮೆಟ್ರೊ, ತಣ್ಣಗಿತ್ತು. ಕೆಂಗೇರಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸೆಟ್ ದೋಸೆ ತಿಂದು, ಪುಸ್ತಕದ ಉಸ್ತುವಾರಿ ಹೊತ್ತ ಮೇಷ್ಟ್ರ ಮನೆ ಹುಡುಕಿದೆ. ಆ ಹೆಂಗಸು ಆಗಲೇ ಬಂದು ಕೂತಿದ್ದರು.

ನನ್ನ ಪದ್ಯ ಮೂರೇ ಸಾಲು:

ಕೆರೆಯ ಮುಚ್ಚಿ ಮನೆಯ ಕಟ್ಟಿದೆ
ಮಳೆಗೆ ನೀರು ಮನೆಗೇ ಬಂತು
ಈಗ ತಲೆ ಕೆರೆ

"ಕೆರೆಗೆ ನಮ್ಮಲ್ಲಿ ಒಂದು ಪದ, ತಲೆ ಕೆರೆಯುವುದಕ್ಕೆ ಇನ್ನೊಂದು. ನಿಮ್ಮ ತಮಾಷೆ ಅಲ್ಲಿ ನಿಲ್ಲುವುದಿಲ್ಲ," ಎಂದರು ಆಕೆ, ಪುಸ್ತಕದ ಕನ್ನಡದಲ್ಲಿ. "ಆದರೆ ಬೀದಿ ನಲ್ಲಿಗೆ 'ಚೆಶ್ಮಾ' ಎನ್ನುತ್ತೇವೆ, ಕೆರೆಯುವುದಕ್ಕೆ 'ಚೆಶಾ'. ಕೆರೆಯನ್ನು ನಲ್ಲಿ ಮಾಡಿದರೆ ಜನ ನಗುತ್ತಾರೆ. ಕೆರೆಯೇ ಬೇಕೆಂದರೆ ನಗು ಹೋಗುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಲ್ಲಿನೇ ಹಾಕಿ ಮೇಡಂ. ಕೆರೆ ಆದ್ರೇನು, ನಲ್ಲಿ ಆದ್ರೇನು, ನೀರೇ ಅಲ್ವಾ?" ಎಂದರು.

ಮೈಯೆಲ್ಲ ಉರಿಯಿತು. "ಅವ್ರು ಕೇಳಿದ್ದು ನನ್ನನ್ನ ಸಾರ್. ನಲ್ಲಿ ಮುಚ್ಚಿದ್ರೆ ಯಾರ ಮನೆಗೆ ನೀರು ನುಗ್ಗುತ್ತೆ?"

"ಅಯ್ಯೋ, ಅಲ್ಲಿ ಯಾರ್ರೀ ಕೇಳ್ತಾರೆ ಅದನ್ನ? ಫಾರಿನ್‌ನಲ್ಲಿ ಹೆಸರು ಬರುತ್ತೆ, ಸುಮ್ನೆ ಹೂಂ ಅನ್ನಿ. ಗ್ರಿಲ್ ಮಾಡೋರಿಗೆ ಇಷ್ಟು ಸಿಗೋದೇ ಹೆಚ್ಚು."

"ಹೌದು, ಗ್ರಿಲ್ ಮಾಡ್ತೀನಿ. ಕಿಟಕಿ ಕೇಳಿದೋರಿಗೆ ಗೇಟು ಕೊಡಲ್ಲ."

ಆಕೆ ಮೆಲ್ಲಗೆ, "ಕೆರೆ ಉಳಿಸಿ, ಕೆಳಗೆ ವಿವರಣೆ ಬರೆಯಲೇ?" ಎಂದರು.

"ವಿವರಣೆ ಓದಿ ಯಾರಾದ್ರೂ ನಗ್ತಾರಾ ಮೇಡಂ?"

"ಇಲ್ಲ," ಎಂದರು. ಸುಳ್ಳು ಹೇಳಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ.

"ನಮ್ಮ ಬೀದಿ ಹಿಂದಿನ ಕೆರೆ ಒಂದ್ಸಲ ಮುಚ್ಚಿದಾರೆ. ಇನ್ನೊಂದ್ಸಲ ಮುಚ್ಚೋಕೆ ನಾನು ಒಪ್ಪಲ್ಲ," ಎಂದು ಪದ್ಯದ ಹಾಳೆ ಎತ್ತಿಕೊಂಡೆ.

"ಕಾಫಿನಾದ್ರೂ ಕುಡ್ಕೊಂಡು ಹೋಗ್ರಿ!" ಮೇಷ್ಟ್ರು ಗೇಟಿನಿಂದ ಕೂಗಿದರು. ತಿರುಗಿ ನೋಡಲಿಲ್ಲ. ಮೆಟ್ರೊದಲ್ಲೂ ಸಿಟ್ಟು ಇಳಿಯಲಿಲ್ಲ. ವಿಜಯನಗರ ಬಂದದ್ದು ತಿಳಿಯದೆ ಒಂದು ನಿಲ್ದಾಣ ಮುಂದೆ ಹೋದೆ.

ಈಗ ನನ್ನ ಬಳಿ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷಿನ್ನು, ಕನ್ನಡದಲ್ಲಿ ನಲವತ್ತೊಂದು ಪದ್ಯ ಇವೆ. ಬಲ್ಗೇರಿಯನ್ ಭಾಷೆಯಲ್ಲಿ ಒಂದೂ ಇಲ್ಲ.