ನಮ್ಮ ಗೋಲ್‌ಕೀಪರನನ್ನು ಬೈಯುವ ಹಕ್ಕು

ನಾನು ನಿಂತಿದ್ದದ್ದು ಸಿದ್ದಾಪುರದ ಹತ್ತಿರದ ನಮ್ಮ ಮೈದಾನದಲ್ಲಿ, ಪೂರ್ವ ದಿಕ್ಕಿನ ಗೋಲಿನ ಹಿಂದೆ, ಬಲಗಡೆಯ ಕಂಬದಿಂದ ಒಂದು ಮಾರು ಆಚೆಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಏಪ್ರಿಲ್ ತಿಂಗಳ ಒಂದು ಭಾನುವಾರ, ಸಂಜೆ ಐದು ದಾಟಿತ್ತು. ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮಾತನ್ನು ಒಪ್ಪದವರು ಮೊದಲು ಹಿಡಿದುಕೊಳ್ಳುವುದು ಆ ಬಿಸಿಲನ್ನೇ. ಬಿಸಿಲಿತ್ತು, ನಿಜ. ಹಣೆಗೆ ಕೈ ಅಡ್ಡ ಹಿಡಿದುಕೊಂಡಿದ್ದೆ. ಚೆಂಡು ಕಾಣುತ್ತಿತ್ತು.

ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಕಾರಣ ಕಳೆದ ತಿಂಗಳು ಜೆ.ಪಿ. ನಗರದಲ್ಲಿ ಉಂಡ ಒಂದು ಮದುವೆಯೂಟ. ಪಕ್ಕದ ಎಲೆಯಲ್ಲಿ ಕೂತಿದ್ದ ಅಪರಿಚಿತರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅರುಣೋದಯ ಕ್ಲಬ್ಬಾ? ಆ ಗೋಲ್‌ಕೀಪರ್ ಮುರುಗೇಶ ಮ್ಯಾಚ್ ಮಾರ್ಕೊಂಡ್ನಲ್ಲ ಸಾರ್, ಅದೇ ಕ್ಲಬ್ ತಾನೆ?" ಎಂದರು. ತುಪ್ಪಕ್ಕೂ ಈ ಮಾತಿಗೂ ಅವರು ಒಂದೇ ದನಿ ಬಳಸಿದರು. ನಾನು ಎದ್ದುಬಿಟ್ಟೆ. ಹೋಳಿಗೆ ಎಲೆಯಲ್ಲೇ ಉಳಿಯಿತು. ನಾನು ಹೋಳಿಗೆ ಬಿಟ್ಟೆದ್ದೆ ಎಂದರೆ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ. ಅದಕ್ಕೂ ಸಾಕ್ಷಿ ಒದಗಿಸಬೇಕಾದೀತು.

ಜಯನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದೇ ನನ್ನ ಜೀವನ. ಈ ಕಸುಬು ನನಗೆ ಕಲಿಸಿದ್ದು ಒಂದೇ: ಕಾಣದ್ದನ್ನು ಕಾಣುವುದಿಲ್ಲ ಎನ್ನಲು ಮನುಷ್ಯನಿಗೆ ಬಹಳ ಕಷ್ಟ. ಕೊನೆಯ ಸಾಲಿಗೆ ಬಂದಾಗ ಎಲ್ಲರೂ ಊಹಿಸತೊಡಗುತ್ತಾರೆ, ಅದೂ ಧೈರ್ಯವಾಗಿ. ಫುಟ್‌ಬಾಲ್ ಅಭಿಮಾನಿಗಳು ಮೊದಲ ಸಾಲಿನಿಂದಲೇ ಊಹಿಸುತ್ತಾರೆ. ನಾನೂ ಅವರಲ್ಲೊಬ್ಬನಾದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ.

ಅರುಣೋದಯ ನಮ್ಮ ಬಡಾವಣೆಯ ಕ್ಲಬ್ಬು. ಊರಿನ ಲೀಗಿನಲ್ಲಿ ಕೆಳಗಿನ ಡಿವಿಷನ್‌ನಲ್ಲಿ ಆಡುತ್ತಿತ್ತು. ಆಟ ನಡೆಯುವ ತಿಂಗಳುಗಳಲ್ಲಿ ಗೋಲಿನ ಹಿಂದೆ ನಾವು ಹತ್ತಿಪ್ಪತ್ತು ಜನ ಸೇರಿದರೆ ಹೆಚ್ಚು. ಆದರೆ ಆಟವೇ ಇಲ್ಲದ ಮೇ ತಿಂಗಳಲ್ಲಿ ಮೈದಾನದ ಎದುರಿನ ಬೇಕರಿಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಟಗಾರರು ಕ್ಲಬ್ ಬದಲಾಯಿಸುವ ಕಾಲ ಅದು. ಯಾರನ್ನು ತರಬೇಕು, ಯಾರನ್ನು ಬಿಡಬೇಕು, ಮ್ಯಾನೇಜ್‌ಮೆಂಟಿಗೆ ಬುದ್ಧಿ ಇದೆಯೋ ಇಲ್ಲವೋ ಎಂಬ ಚರ್ಚೆ ಬೆಳಗಿನ ಮೊದಲ ಟೀಗೆ ಶುರುವಾಗಿ ಬೇಕರಿಯವನು ಶಟರ್ ಎಳೆಯುವವರೆಗೂ ನಡೆಯುತ್ತಿತ್ತು. ಅದೇ ಕಾಲದಲ್ಲಿ ರಸ್ತೆಯ ಆಚೆ ಬದಿ ಮಾವಿನಹಣ್ಣಿನ ಗಾಡಿ ನಿಲ್ಲುತ್ತಿತ್ತು. ಹಣ್ಣನ್ನು ಒತ್ತಿ, ಮೂಸಿ, ತೊಟ್ಟು ನೋಡಿ ಒಯ್ದವರು ಮರುದಿನ ಹುಳಿ ಎಂದು ಬೈಯುತ್ತಾ ಬರುತ್ತಿದ್ದರು. ನಾವು ಈ ಬದಿಯಲ್ಲಿ ಅದನ್ನೇ ಮನುಷ್ಯರಿಗೆ ಮಾಡುತ್ತಿದ್ದೆವು.

ನಮ್ಮ ಚರ್ಚೆಯಲ್ಲಿ ಪ್ರತಿ ವರ್ಷವೂ ತಪ್ಪದೆ ಬರುತ್ತಿದ್ದ ವಿಷಯ ಮುರುಗೇಶ. ಅವನು ಸಿದ್ದಾಪುರದವನೇ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಎಷ್ಟೋ ವರ್ಷದಿಂದ ಅವನೇ ನಮ್ಮ ಗೋಲ್‌ಕೀಪರ್. ಕುಳ್ಳ. ಎತ್ತರದ ಚೆಂಡಿಗೆ ಹಾರುವ ಮೊದಲು ಯಾರನ್ನೋ ಅಪ್ಪಣೆ ಕೇಳುವವನಂತೆ ಒಂದು ಕ್ಷಣ ತಡೆಯುತ್ತಿದ್ದ. ಅವನನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವರು ಸರೋಜಕ್ಕ. ಮೈದಾನದ ಮೂಲೆಯಲ್ಲಿ ಹೂವು ಕಟ್ಟಿ ಮಾರುತ್ತಿದ್ದ ಅವರು ನಮ್ಮ ಪಂದ್ಯವಿದ್ದಾಗ ಬುಟ್ಟಿ ಸಮೇತ ಗೋಲಿನ ಹಿಂದಕ್ಕೆ ಬಂದುಬಿಡುತ್ತಿದ್ದರು. "ಲೋ ಮುರುಗೇಶ, ಕಣ್ಣು ಅಂಗಡೀಲಿ ಇಟ್ಬಂದ್ಯೇನೋ? ಚೆಂಡ್ ಕಣೋ ಅದು, ಕರೆಂಟ್ ಅಲ್ಲ, ಮುಟ್ಟು!" ಅವನು ತಿರುಗಿ ನೋಡದೆ ಒಂದು ಕೈ ಎತ್ತುತ್ತಿದ್ದ. ಕೇಳಿಸಿತು ಎಂದು ಅರ್ಥ.

ಇನ್ನು ಆ ಭಾನುವಾರ. ಲೀಗಿನ ಕೊನೆಯ ಪಂದ್ಯ, ಸಮವಾದರೂ ಸಾಕು, ಮೇಲಿನ ಡಿವಿಷನ್‌ಗೆ ಏರುತ್ತಿದ್ದೆವು. ಪಂದ್ಯ ಮುಗಿಯುವ ಹೊತ್ತಿಗೆ ಎದುರಾಳಿಯೊಬ್ಬ ದೂರದಿಂದ ಒಂದು ಚೆಂಡು ಹೊಡೆದ. ಅದನ್ನು ಹೊಡೆತ ಎನ್ನುವುದೂ ಕಷ್ಟ, ನೆಲದ ಮೇಲೆ ಉರುಳಿಕೊಂಡು ಬಂತು. ಮುರುಗೇಶ ಚೆಂಡಿನ ನೇರಕ್ಕೇ ಬಂದು ಬಗ್ಗಿದ್ದ, ಎರಡೂ ಅಂಗೈ ನೆಲದ ಹತ್ತಿರವಿದ್ದವು. ಚೆಂಡು ಅವನಿಂದ ಒಂದು ಮಾರಿನಷ್ಟು ದೂರವಿದ್ದಾಗ ಏನನ್ನೋ ತಾಗಿ ಎಡಕ್ಕೆ ಜಿಗಿಯಿತು. ಅವನ ಕೈ ಖಾಲಿ ನೆಲದ ಮೇಲೆ ಮುಚ್ಚಿಕೊಂಡಿತು. ಚೆಂಡು ಗೋಲಿನೊಳಗೆ ಹೋಯಿತು. ನಾನು ಕಂಡದ್ದು ಇಷ್ಟು. ಇದಕ್ಕಿಂತ ಹೆಚ್ಚಿಗೆ ಕಂಡೆನೆಂದು ಹೇಳುವುದಿಲ್ಲ.

ಆ ಗೋಲಿನಿಂದಲೇ ಸೋತು ಪಂದ್ಯ ಮುಗಿದ ಮೇಲೆ ಸರೋಜಕ್ಕ ಮತ್ತು ನಾನು ಆ ಜಾಗಕ್ಕೆ ಹೋಗಿ ನೋಡಿದೆವು. ನೆಲದಿಂದ ಹೆಬ್ಬೆರಳಿನಷ್ಟು ಮೇಲೆದ್ದ ಕಬ್ಬಿಣದ ಮೊಳೆಯ ತಲೆ. ಅದು ಎಲ್ಲಿಂದ ಬಂತೆಂಬುದರಲ್ಲಿ ರಹಸ್ಯವೇನೂ ಇರಲಿಲ್ಲ. ಹಿಂದಿನ ವಾರ ಅದೇ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ ನಡೆದಿತ್ತು, ಶಾಮಿಯಾನ, ಮೈಕು, ಆಳೆತ್ತರದ ಟ್ರೋಫಿ ಎಲ್ಲವೂ ಇದ್ದವು. ಪಿಚ್ಚಿನ ಮ್ಯಾಟು ನಮ್ಮ ಗೋಲಿನ ಮುಂದಕ್ಕೇ ಬಂದು ಮುಗಿಯುತ್ತಿತ್ತು. ಮ್ಯಾಟು ಸುತ್ತಿ ಒಯ್ದವರು ಅದನ್ನು ಹಿಡಿದಿದ್ದ ಮೊಳೆಗಳಲ್ಲಿ ಒಂದನ್ನು ಕೀಳದೆ ಬಿಟ್ಟಿದ್ದರು. ಪಂದ್ಯಾವಳಿ ನಡೆಸಿದವರು ನಮ್ಮ ಕ್ಲಬ್ಬಿನ ಅಧ್ಯಕ್ಷರೇ, ಚಿಕ್ಕಮುನಿಯಪ್ಪನವರು.

ಅರೆಕೆರೆಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಹೊಲ ಹೋಗಿ ಸೈಟುಗಳಾದ ಮೇಲೆ ಬಾಡಿಗೆ ಮನೆಗಳು ಎದ್ದಿದ್ದವು, ಜೊತೆಗೆ ಒಂದು ಕಲ್ಯಾಣಮಂಟಪ. ಕೆಟ್ಟವರಲ್ಲ. ಆಟಗಾರರಿಗೆ ಬೂಟು, ಬಾಳೆಹಣ್ಣು, ಬಸ್ಸು ಎಲ್ಲ ಅವರದೇ. ಆದರೆ ಸೋತಾಗ ಯಾರದಾದರೂ ತಪ್ಪು ಇರಲೇಬೇಕು ಎಂಬ ನಂಬಿಕೆ ಅವರಿಗಿತ್ತು, ಆ ಯಾರೋ ತಾವಾಗಿರಲು ಸಾಧ್ಯವಿಲ್ಲ ಎಂಬ ಇನ್ನೊಂದು ನಂಬಿಕೆಯೂ ಇತ್ತು. ಮರುದಿನ ಬೆಳಿಗ್ಗೆ ಅವರು ಬೇಕರಿಯ ಮುಂದೆ ಕಾರು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಅಂಥಾ ಬಾಲ್‌ನ ಮಗು ಬೇಕಾದ್ರೂ ಹಿಡಿಯುತ್ತೆ ಕಣ್ರಪ್ಪಾ. ಅವ್ನು ಮಾರ್ಕೊಂಡವ್ನೆ. ಈ ವರ್ಷ ಅವನ್ನ ಬಿಟ್ಟಾಯ್ತು. ಕೋಲಾರದ ಕಡೆಯಿಂದ ಆರಡಿ ಹುಡುಗನ್ನ ತರ್ತಾ ಇದೀನಿ."

ನಾನು ಮೊಳೆಯ ವಿಷಯ ಹೇಳಿದೆ. ಬನ್ನಿ ತೋರಿಸುತ್ತೇನೆ ಎಂದು ಎಲ್ಲರನ್ನೂ ಕರೆದೊಯ್ದೆ. ಅಷ್ಟರಲ್ಲಿ ಮೈದಾನ ನೋಡಿಕೊಳ್ಳುವವರು ಮೊಳೆ ಕಿತ್ತು, ಮಣ್ಣು ತುಂಬಿ, ನೀರು ಹಾಕಿ ತಟ್ಟಿಬಿಟ್ಟಿದ್ದರು. ಯಾರ ಕುತಂತ್ರವೂ ಅಲ್ಲ, ಅವರ ಕೆಲಸವೇ ಅದು. ಒದ್ದೆ ಮಣ್ಣಿಗೆ ಬೆರಳು ತೋರಿಸುತ್ತಾ ನಿಂತ ಕನ್ನಡಕದಂಗಡಿಯವನನ್ನು ನೀವು ನಂಬುತ್ತೀರಾ? ಅಧ್ಯಕ್ಷರು ನನ್ನ ಹೆಗಲು ತಟ್ಟಿ, "ನಿಮ್ದೇ ಅಂಗಡೀಲಿ ಒಂದ್ಸಲ ಕಣ್ಣು ಚೆಕ್ ಮಾಡಿಸ್ಕೊಳಿ ಸಾಮಿ" ಎಂದರು. ಜನ ನಕ್ಕರು. ಜೋಕು ಚೆನ್ನಾಗಿತ್ತು, ಒಪ್ಪುತ್ತೇನೆ.

ಅಂದಿನಿಂದ ಮುರುಗೇಶ ಬೇಕರಿಯ ಕಡೆ ಬರಲಿಲ್ಲ. ವೈಂಡಿಂಗ್ ಅಂಗಡಿಯ ಮುಂದೆ ಹೋಗುವವರು ಅವನ ಕಡೆ ನೋಡಿ ಏನೋ ಪಿಸುಗುಟ್ಟುತ್ತಿದ್ದರು. ಕೆಟ್ಟ ಕೀಪರ್ ಎಂದು ಊರೆಲ್ಲ ಕೂಗಿದಾಗ ಕೈ ಎತ್ತುತ್ತಿದ್ದವನು ಈಗ ತಲೆ ಎತ್ತುತ್ತಿರಲಿಲ್ಲ. "ನೀವ್ ಹೇಳಿದ್ರಲ್ಲ ಸಾರ್, ಸಾಕು ಬಿಡಿ. ಮೊಳೆ ಅಂದ್ರೆ ಯಾರ್ ನಂಬ್ತಾರೆ?" ಎಂದು, ನೋಡಲು ಹೋದ ನನಗೆ, ತಂತಿ ಸುತ್ತುತ್ತಲೇ ಹೇಳಿದ.

ಈಗ ನಮ್ಮ ಲೀಗಿನ ಒಂದು ಪದ್ಧತಿ ಹೇಳಬೇಕು. ಕ್ಲಬ್ ಬದಲಾಯಿಸುವ ಆಟಗಾರ ಗಡುವಿನೊಳಗೆ ತಾನೇ ಲೀಗಿನ ಆಫೀಸಿಗೆ ಹೋಗಿ ಸಹಿ ಹಾಕಬೇಕು. ಅಲ್ಲಿಯವರೆಗೆ ಇನ್ನೊಂದು ಕ್ಲಬ್ಬಿನವರು ಅವನನ್ನು ಒಲಿಸಿಕೊಂಡು ಹಾರಿಸಬಹುದು. ಆದ್ದರಿಂದ ಹೊಸ ಆಟಗಾರನನ್ನು ನಂಬಿಕಸ್ಥ ಅಭಿಮಾನಿಯೊಬ್ಬನ ಮನೆಯಲ್ಲಿ ಊಟ ಹಾಕಿ, ಹಾಸಿಗೆ ಕೊಟ್ಟು, ಗುಟ್ಟಾಗಿ ಇರಿಸಿಕೊಳ್ಳುತ್ತಿದ್ದರು. ಮದುವೆಗೆ ಮುಂಚಿನ ಮದುಮಗನಿಗೂ ಅಷ್ಟು ಕಾವಲಿರುವುದಿಲ್ಲ. ಕೋಲಾರದ ಆ ಆರಡಿ ಹುಡುಗ ಸೆಲ್ವಂನನ್ನು ಇರಿಸಲು ಅಧ್ಯಕ್ಷರು ಆರಿಸಿದ್ದು ಬಿ.ಟಿ.ಎಂ. ಲೇಔಟಿನ ಬಸವರಾಜನ ಕೋಣೆ. ಗದಗದ ಕಡೆಯ ಹುಡುಗ, ಕೊರಿಯರ್ ಆಫೀಸಿನಲ್ಲಿ ಕೆಲಸ, ಅಧ್ಯಕ್ಷರ ಬಾಡಿಗೆದಾರ, ಅರುಣೋದಯದ ಹುಚ್ಚು ಅಭಿಮಾನಿ. ಜೋಳದ ರೊಟ್ಟಿ ಬಡಿಯುವ ಆ ಕೋಣೆಯಲ್ಲಿ ಗೋಲ್‌ಕೀಪರನನ್ನು ಯಾವ ಕ್ಲಬ್ಬಿನವನೂ ಹುಡುಕಲಾರ ಎಂಬುದು ಲೆಕ್ಕಾಚಾರ.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೊರಗಿನವರು ಯಾರೂ ಬರಲಿಲ್ಲ. ಬಂದವರು ನಾವು.

ಗುಟ್ಟು ಎಂದು ನಮಗೆ ಹೇಳಿದ್ದೇ ತಪ್ಪು. ಪ್ರತಿ ಸಂಜೆ ಅಭಿಮಾನಿಗಳೆಲ್ಲ ಆ ಕೋಣೆ ತುಂಬಿಕೊಂಡೆವು. ಸೆಲ್ವಂ ಗೋಡೆಗೊರಗಿ ಶೇಂಗಾ ಚಟ್ನಿಯಲ್ಲಿ ರೊಟ್ಟಿ ತಿನ್ನುತ್ತಿದ್ದ, ನಾವು ಅವನೆದುರು ಮುರುಗೇಶನ ವಿಚಾರಣೆ ನಡೆಸುತ್ತಿದ್ದೆವು. ಒಂದು ಗುಂಪು ಅವನು ಬಿಟ್ಟ ಗೋಲುಗಳನ್ನೆಲ್ಲ ವರ್ಷವಾರು ನೆನಪಿಸಿಕೊಂಡಿತು. ನಾನು ಈರುಳ್ಳಿಯೊಂದನ್ನು ಚೆಂಡು ಮಾಡಿ, ತಟ್ಟೆಯ ಅಂಚನ್ನು ಮೊಳೆ ಮಾಡಿ, ಚೆಂಡು ಹೇಗೆ ತಿರುಗಿತೆಂದು ತೋರಿಸಿದೆ. ಈರುಳ್ಳಿ ಒಂದು ಸಲವೂ ಎಡಕ್ಕೆ ಹೋಗಲಿಲ್ಲ. ಬಸವರಾಜ ತಲೆ ಕೊಡವಿದ. "ಸರ, ನಿಮ್ ಉಳ್ಳಾಗಡ್ಡಿನೂ ಮ್ಯಾಚ್ ಮಾರ್ಕೊಂಡೈತಿ ನೋಡ್ರಿ!"

ಆಗ ಸರೋಜಕ್ಕ ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ಎಷ್ಟೋ ಸಲ ನೋಡಿದ್ದೆ, ಈ ದನಿ ಕೇಳಿರಲಿಲ್ಲ. "ಅವ್ನಿಗೆ ನನ್ನಷ್ಟು ಬೈದವ್ರು ಈ ರೂಮಲ್ಲಿ ಯಾರಾದ್ರೂ ಇದೀರೇನ್ರೋ? ಕೈಲಾಗ್ದವ್ನು ಅಂದಿದೀನಿ, ಕುಳ್ಳ ಅಂದಿದೀನಿ. ಕಳ್ಳ ಅಂದಿಲ್ಲ. ಅನ್ನೋರು ನನ್ ಮುಂದೆ ಬಂದು ಅನ್ನಿ. ಮೊಳೆ ಮೇಲೆ ಈ ಬೆರಳು ಇಟ್ಟಿದೀನಿ ನಾನು." ಎಲ್ಲರೂ ತಟ್ಟೆಯ ಕಡೆ ತಿರುಗಿದರು. ಆದರೆ ಒಪ್ಪಿದರೆಂದೂ ಅಲ್ಲ.

ಗಡುವಿನ ಕೊನೆಯ ದಿನ ಬೆಳಿಗ್ಗೆ ಸೆಲ್ವಂ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ. ಬಸವರಾಜ ಹಲ್ಲುಜ್ಜುವುದನ್ನು ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದ. "ಹಳೇ ಕ್ಲಬ್‌ಗೇ ಸೈನ್ ಮಾಡ್ತೀನಿ ಅಣ್ಣ. ಊಟ ಸೂಪರ್ ಆಗಿತ್ತು. ಆದ್ರೆ ಇಷ್ಟ್ ವರ್ಷ ಆಡಿದ ನಿಮ್ ಹುಡುಗನ್ನೇ ಒಂದ್ ಬಾಲ್‌ಗೆ ಕಳ್ಳ ಮಾಡ್ಬಿಟ್ರಲ್ಲ. ನಾನ್ ಹೊರಗಿನವ್ನು. ಮೊದಲ್ನೇ ಗೋಲಿಗೆ ನನ್ನ ಏನ್ ಮಾಡ್ತೀರಾ?" ಬಸವರಾಜನ ಬಾಯಲ್ಲಿ ಪೇಸ್ಟಿತ್ತು. ಅವನು ಉಗಿದು ಬರುವಷ್ಟರಲ್ಲಿ ನಮ್ಮ ಆರಡಿ ಭವಿಷ್ಯ ಬಸ್ ಸ್ಟಾಪು ಸೇರಿತ್ತು.

ಹೀಗೆ ಶತ್ರುಗಳು ಕದಿಯಬಹುದೆಂದು ಬಚ್ಚಿಟ್ಟ ಆಟಗಾರನನ್ನು ಅಭಿಮಾನಿಗಳೇ ಮಾತನಾಡಿ ಓಡಿಸಿದ ಏಕೈಕ ಕ್ಲಬ್ ಎಂಬ ಹೆಗ್ಗಳಿಕೆ ನಮ್ಮದಾಯಿತು. ಅಧ್ಯಕ್ಷರ ಹತ್ತಿರ ಈಗ ಕೀಪರ್ ಇರಲಿಲ್ಲ, ಹುಡುಕಲು ಸಮಯವೂ ಇರಲಿಲ್ಲ. ಹೊಸಬರನ್ನು ತರಲು ಗಡುವು ಮುಗಿಯಿತು, ಹಳಬರನ್ನು ಉಳಿಸಿಕೊಳ್ಳಲು ಮಾತ್ರ ಇನ್ನೊಂದು ವಾರ ಅವಕಾಶವಿತ್ತು. ಚಿಕ್ಕಮುನಿಯಪ್ಪನವರು ವೈಂಡಿಂಗ್ ಅಂಗಡಿಗೆ ಹೋದರು. ಆಗ ನಾನು ಅಲ್ಲಿರಲಿಲ್ಲ, ಮುರುಗೇಶ ಹೇಳಿದ್ದನ್ನು ಹೇಳುತ್ತಿದ್ದೇನೆ. "ಬಾರಪ್ಪ, ಆಡು" ಎಂದರಂತೆ. "ಆಡ್ತೀನಿ ಅಣ್ಣ. ಕಳ್ಳ ಅಂತ ಎಲ್ಲಿ ನಿಂತ್ಕೊಂಡು ಹೇಳಿದ್ರೋ ಅಲ್ಲೇ ನಿಂತ್ಕೊಂಡು ಅಲ್ಲ ಅಂತ ಹೇಳಿ" ಎಂದು ಇವನು ಹೇಳಿದನಂತೆ. ಅವರು ಸಿಡುಕಿಕೊಂಡು ಹೊರಟುಹೋದರಂತೆ.

ವಾರದ ಕೊನೆಯಲ್ಲಿ ಆದದ್ದಕ್ಕೆ ನಾನೇ ಸಾಕ್ಷಿ. ನಾನು ಬೇಕರಿಯ ಬಾಗಿಲ ಎಡಗಡೆ, ಬಿಸ್ಕತ್ತಿನ ಗಾಜಿನ ಪೆಟ್ಟಿಗೆಗೆ ಆತುಕೊಂಡು ನಿಂತಿದ್ದೆ. ಬೆಳಿಗ್ಗೆ, ಬಿಸಿಲು ಇನ್ನೂ ರಸ್ತೆಗೆ ಇಳಿದಿರಲಿಲ್ಲ, ಕಣ್ಣಿಗೆ ಯಾವ ಅಡ್ಡಿಯೂ ಇರಲಿಲ್ಲ. ಅಧ್ಯಕ್ಷರು ಕಾರಿನಿಂದಿಳಿದು ಎಲ್ಲರಿಗೂ ಟೀ ಹೇಳಿದರು. ಟೀ ಬಂತು. ಅವರು ಲೋಟದೊಳಗೆ ನೋಡುತ್ತಾ, "ಕ್ರಿಕೆಟ್‌ದು ಮೊಳೆ ಇತ್ತು. ನಮ್ಮವ್ರೇ ಬಿಟ್ಟಿದ್ದು. ಹುಡುಗ ತಪ್ಪು ಮಾಡಿಲ್ಲ" ಎಂದರು. ಟೀ ಕುಡಿಯದೆ ಲೋಟ ಕೆಳಗಿಟ್ಟು ಹೋದರು. ಕೀಪರ್ ಸಿಗಲಿಲ್ಲವೆಂದು ಹೇಳಿದರೋ, ಮನಸ್ಸಿಗೆ ಬಂದು ಹೇಳಿದರೋ, ನನಗೆ ಕಾಣದ್ದು. ಊಹಿಸುವುದಿಲ್ಲ.

ಮುರುಗೇಶ ಸಹಿ ಹಾಕಿದ. ಆ ಸೀಸನ್ನಿನ ಮೊದಲ ಪಂದ್ಯದಲ್ಲಿ ಅವನು ಬಿಟ್ಟ ಗೋಲು ಪೂರ್ತಿ ಅವನದೇ ತಪ್ಪು. ಮೊಳೆ ಇಲ್ಲ, ಬಿಸಿಲಿಲ್ಲ, ಕಾಲಿನ ಮಧ್ಯೆ ಹೋಯಿತು. ಬೈದರೆ ಮತ್ತೆ ಕಳ್ಳ ಎಂದಂತಾದೀತೋ ಎಂದು ಗೋಲಿನ ಹಿಂದೆ ಯಾರಿಗೂ ಬಾಯಿ ಬರಲಿಲ್ಲ. ಸರೋಜಕ್ಕ ಬುಟ್ಟಿ ಕೆಳಗಿಟ್ಟು ಕೂಗಿದರು. "ಲೋ ಕುಳ್ಳ! ಕಾಲ್ ಮಧ್ಯೆ ಏನು ಬಸ್‌ಸ್ಟ್ಯಾಂಡ್ ಇಟ್ಟಿದೀಯೇನೋ?" ಆಮೇಲೆ ನಾವೆಲ್ಲ ಬೈದೆವು, ತಿಂಗಳುಗಳ ಬಾಕಿಯನ್ನೆಲ್ಲ ಸೇರಿಸಿ. ಅವನು ತಿರುಗಿ ನೋಡದೆ ಒಂದು ಕೈ ಎತ್ತಿದ. ಅಷ್ಟು ನೆಮ್ಮದಿಯಿಂದ ಬೈಸಿಕೊಂಡ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಆಟ ಬರುವುದಿಲ್ಲ ಎಂದು ಬೈಯಬೇಕಾದರೆ, ಪ್ರಾಮಾಣಿಕವಾಗಿ ಆಡುತ್ತಿದ್ದಾನೆಂದು ಮೊದಲು ನಂಬಿರಬೇಕು.

ಮದುವೆಯೂಟದ ಆ ಮಹನೀಯರಿಗೆ ಅಂದು ಉತ್ತರ ಕೊಡದೆ ಎದ್ದುಬಂದಿದ್ದೆ. ಈಗ ಕೊಡುತ್ತಿದ್ದೇನೆ. ಹಳೆಯ ಕಲ್ಲಿನ ಶಾಸನಗಳ ಕೊನೆಯಲ್ಲಿ ಸಾಕ್ಷಿಗಳ ಹೆಸರು ಕೆತ್ತುತ್ತಿದ್ದರು, ಸೂರ್ಯ ಚಂದ್ರರನ್ನೂ ಬಿಡುತ್ತಿರಲಿಲ್ಲ. ಸೂರ್ಯ ಅಂದು ನಮ್ಮ ಕಣ್ಣಿಗೆ ಹೊಡೆಯುತ್ತಿದ್ದನಾದ್ದರಿಂದ ಅವನನ್ನು ಕರೆಯುವುದಿಲ್ಲ. ಚಿಕ್ಕಮುನಿಯಪ್ಪನವರು ತೀರಿಕೊಂಡರು. ಅವರ ಆ ಬೆಳಗಿನ ಮಾತನ್ನು ಕಿವಿಯಾರೆ ಕೇಳಿದ ಬಸವರಾಜ ಇದ್ದಾನೆ, ಬನಶಂಕರಿಯಲ್ಲಿ ಮನೆ ಮಾಡಿದ್ದಾನೆ. ಮೊಳೆಯನ್ನು ಕಂಡವರಲ್ಲಿ ನಾನಿದ್ದೇನೆ, ಅಂಗಡಿ ಭಾನುವಾರ ರಜೆ. ಮೊಳೆಯನ್ನು ಮುಟ್ಟಿದ ಸರೋಜಕ್ಕ ಗೊಟ್ಟಿಗೆರೆಯಲ್ಲಿ ಮಗಳ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಅವರನ್ನೇ ಹೋಗಿ ಕೇಳಿ. ಸ್ವಲ್ಪ ದೂರದಲ್ಲಿ ನಿಂತು ಕೇಳಿ.